ಎಡಮುರಿ–ಬಲಮುರಿ: ಸಮಾಂಗತೆಯ ತತ್ತ್ವ ಮತ್ತು ಜನಪದ ಹುಳಿಜ್ಞಾನ

೧. ಪ್ರವೇಶ

ಕನ್ನಡ ನಾಡಿನ ಅಡುಗೆಮನೆಯಲ್ಲಿ ‘ಹುಳಿ’ ಎಂಬುದು ಒಂದು ರುಚಿಯ ಹೆಸರೂ ಹೌದು, ಒಂದು ಪದಾರ್ಥದ ಹೆಸರೂ ಹೌದು. ಬಯಲುಸೀಮೆಯಲ್ಲಿ ಹುಳಿಯೆಂದರೆ ಮೊದಲು ನೆನಪಾಗುವುದು ಹುಣಸೆ. ಉತ್ತರ ಕನ್ನಡದ ಘಟ್ಟದ ಊರುಗಳಲ್ಲಿ ಮುರುಗಲು ಮತ್ತು ಉಪ್ಪಾಗೆ ಆ ಸ್ಥಾನವನ್ನು ಹಂಚಿಕೊಂಡಿವೆ. ತುಳುನಾಡಿನಲ್ಲಿ ಮುರುಗಲೇ ಪುನರ್ಪುಳಿಯಾಗುತ್ತದೆ. ಕೊಡಗಿನಲ್ಲಿ ಉಪ್ಪಾಗೆಯ ಬಳಗದ ಹಣ್ಣಿನ ರಸವನ್ನು ಕುದಿಸಿ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಪುಂಡಿಯ ಸೊಪ್ಪಿನ ಹುಳಿಯಿದೆ. ಕಡಲೆ ಬೆಳೆಯುವ ಸೀಮೆಗಳಲ್ಲಿ ಗಿಡಗಳ ಮೇಲೆ ರಾತ್ರಿ ಬಟ್ಟೆ ಹಾಸಿ, ಇಬ್ಬನಿಯೊಡನೆ ಹಿಂಡಿ ತೆಗೆಯುವ ಹುಳಿಯಿದೆ. ಈ ಹುಳಿಗಳಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸಲು ಅಡುಗೆ ಬಲ್ಲವರು ಸುಲಭವಾಗಿ ಒಪ್ಪುವುದಿಲ್ಲ. ಮೀನಿಗೆ ಯಾವುದು, ಸಾರಿಗೆ ಯಾವುದು, ಬೇಸಿಗೆಯ ಪಾನಕಕ್ಕೆ ಯಾವುದು ಎಂಬ ವಿವೇಚನೆ ಪ್ರತಿ ಪ್ರದೇಶದಲ್ಲಿಯೂ ನೆಲೆಗೊಂಡಿದೆ.

ಈ ವಿವೇಚನೆಯನ್ನು ದಾಖಲಿಸುವಾಗ ಜಾನಪದ ವಿದ್ವಾಂಸರು ಸಾಮಾನ್ಯವಾಗಿ ‘ರುಚಿಭೇದ’, ‘ಪ್ರಾದೇಶಿಕ ಅಭಿರುಚಿ’ ಎಂಬ ಮಾತುಗಳಿಗೆ ನಿಂತುಬಿಡುತ್ತಾರೆ. ವಸ್ತುವಿನ ಒಳಗಡೆಯೇ ಈ ಭೇದಕ್ಕೆ ಆಧಾರವಿದೆಯೇ ಎಂಬ ಪ್ರಶ್ನೆಯನ್ನು ರಸಾಯನಶಾಸ್ತ್ರಕ್ಕೆ ಬಿಟ್ಟುಕೊಡಲಾಗಿದೆ. ಆದರೆ ರಸಾಯನಶಾಸ್ತ್ರದಲ್ಲಿ ಇಂತಹ ಭೇದಗಳನ್ನು ವಿವರಿಸುವ ಒಂದು ಮೂಲಭೂತ ತತ್ತ್ವವಿದೆ. ಅದೇ ಸಮಾಂಗತೆ, ಅಂದರೆ ಐಸೊಮೆರಿಸಂ. ಒಂದೇ ಬಗೆಯ ಪರಮಾಣುಗಳು ಒಂದೇ ಸಂಖ್ಯೆಯಲ್ಲಿದ್ದರೂ ಅವುಗಳ ಜೋಡಣೆ ಬೇರೆಯಾದಾಗ ಬೇರೆ ವಸ್ತುಗಳೇ ಉಂಟಾಗುತ್ತವೆ ಎಂಬುದು ಅದರ ತಿರುಳು. ಈ ತತ್ತ್ವ ಹುಟ್ಟಿದ್ದೂ ಬೆಳೆದದ್ದೂ ಬಹುಮಟ್ಟಿಗೆ ಒಂದು ಹುಳಿಯ ಅಧ್ಯಯನದಿಂದ ಎಂಬುದು ಗಮನಾರ್ಹ ಸಂಗತಿ. ಪ್ರಸ್ತುತ ಲೇಖನದಲ್ಲಿ ಸಮಾಂಗತೆಯ ಪರಿಕಲ್ಪನೆಯನ್ನು ನಮ್ಮ ಹುಳಿಗಳ ಮೂಲಕ ವಿವರಿಸಿ, ಜನಪದ ಸಸ್ಯಜ್ಞಾನದ ದಾಖಲಾತಿಗೆ ಅದರಿಂದ ದೊರೆಯುವ ಎಚ್ಚರಗಳನ್ನು ಸೂಚಿಸಲಾಗಿದೆ.

೨. ಪರಿಕಲ್ಪನೆಯ ಉದಯ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಸಾಯನಶಾಸ್ತ್ರಜ್ಞರ ನಂಬಿಕೆ ಸರಳವಾಗಿತ್ತು. ಒಂದು ವಸ್ತುವಿನಲ್ಲಿ ಯಾವ ಯಾವ ಧಾತುಗಳು ಎಷ್ಟೆಷ್ಟು ಪ್ರಮಾಣದಲ್ಲಿವೆ ಎಂದು ತಿಳಿದರೆ ಆ ವಸ್ತು ಯಾವುದೆಂಬುದು ನಿಶ್ಚಿತವಾದಂತೆಯೇ ಎಂದು ಅವರು ಭಾವಿಸಿದ್ದರು. ೧೮೨೦ರ ದಶಕದಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳ ಕೆಲಸ ಈ ನಂಬಿಕೆಯನ್ನು ಅಲುಗಾಡಿಸಿತು. ಯುಸ್ಟಸ್ ಲೀಬಿಗ್ ಪರೀಕ್ಷಿಸಿದ ಸಿಲ್ವರ್ ಫಲ್ಮಿನೇಟ್ ತಟ್ಟಿದರೆ ಸಿಡಿಯುವ ವಸ್ತು. ಫ್ರೀಡ್ರಿಷ್ ವೊಹ್ಲರ್ ಪರೀಕ್ಷಿಸಿದ ಸಿಲ್ವರ್ ಸಯನೇಟ್ ಹಾಗೆ ಸಿಡಿಯುವಂಥದ್ದಲ್ಲ. ಎರಡರಲ್ಲಿಯೂ ಬೆಳ್ಳಿ, ಇಂಗಾಲ, ಸಾರಜನಕ, ಆಮ್ಲಜನಕಗಳು ಒಂದೇ ಪ್ರಮಾಣದಲ್ಲಿ ದೊರೆತವು. ಲೀಬಿಗ್ ಮೊದಲಿಗೆ ವೊಹ್ಲರನ ವಿಶ್ಲೇಷಣೆಯನ್ನೇ ಸಂದೇಹಿಸಿದನು. ಮರುಪರೀಕ್ಷೆಯಲ್ಲಿ ಇಬ್ಬರ ಲೆಕ್ಕವೂ ಸರಿಯೆಂದು ತಿಳಿದುಬಂತು. ೧೮೨೮ರಲ್ಲಿ ವೊಹ್ಲರ್ ಅಮೋನಿಯಂ ಸಯನೇಟನ್ನು ಕಾಯಿಸಿ ಯೂರಿಯಾವನ್ನು ಪಡೆದನು. ಅಲ್ಲಿಯೂ ಪರಮಾಣುಗಳು ಕೂಡಲಿಲ್ಲ, ಕಳೆಯಲಿಲ್ಲ. ಸ್ಥಾನ ಬದಲಿಸಿಕೊಂಡವು ಅಷ್ಟೇ.

ಈ ವಿದ್ಯಮಾನಕ್ಕೆ ಹೆಸರಿಟ್ಟವನು ಸ್ವೀಡನ್ನಿನ ಯಾಕೊಬ್ ಬೆರ್ಸೀಲಿಯಸ್. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಗಷ್ಟಾಗಿ ಉಳಿಯುವ ಟಾರ್ಟರಿನಿಂದ ಪಡೆದ ಟಾರ್ಟಾರಿಕ್ ಆಮ್ಲ, ಮತ್ತು ಆಲ್ಸೇಸ್ ಪ್ರಾಂತದ ಥಾನ್ ಎಂಬಲ್ಲಿ ಅದರೊಡನೆ ದೊರೆತಿದ್ದ ರೇಸಿಮಿಕ್ ಆಮ್ಲ, ಇವೆರಡನ್ನೂ ಅವನು ಹೋಲಿಸಿ ನೋಡಿದನು. ಎರಡರ ಧಾತುಪ್ರಮಾಣ ಒಂದೇ ಆಗಿತ್ತು, ಗುಣಗಳು ಬೇರೆಯಾಗಿದ್ದವು. ೧೮೩೦ರಲ್ಲಿ ಅವನು ಗ್ರೀಕಿನ ‘ಐಸೋಸ್’ (ಸಮ) ಮತ್ತು ‘ಮೆರೋಸ್’ (ಭಾಗ, ಅಂಗ) ಎಂಬ ಪದಗಳಿಂದ ‘ಐಸೊಮೆರಿಸಂ’ ಎಂಬ ಶಬ್ದವನ್ನು ರೂಪಿಸಿದನು. ಕನ್ನಡದ ‘ಸಮಾಂಗತೆ’ ಈ ಶಬ್ದಕ್ಕೆ ನೇರ ಸಂವಾದಿ. ಅಂತಹ ವಸ್ತುಗಳನ್ನು ‘ಸಮಾಂಗಿ’ಗಳೆಂದು ಕರೆಯಲಾಗುತ್ತದೆ.

ಬೆರ್ಸೀಲಿಯಸ್ ಹೆಸರಿಡಲು ಕಾರಣವಾದ ಟಾರ್ಟಾರಿಕ್ ಆಮ್ಲವೇ ನಮ್ಮ ಹುಣಸೆಯ ಮುಖ್ಯ ಆಮ್ಲ. ಹುಣಸೆಯ ತಿರುಳಿನಲ್ಲಿ ಅದರ ಪ್ರಮಾಣ ನೂರಕ್ಕೆ ಎಂಟರಿಂದ ಹದಿನೆಂಟರವರೆಗೆ ಇರುತ್ತದೆ. ಬಹುತೇಕ ಹಣ್ಣುಗಳು ಮಾಗಿದಂತೆ ಹುಳಿ ಕಳೆದುಕೊಳ್ಳುತ್ತವೆ. ಹುಣಸೆಯಲ್ಲಿ ಸಕ್ಕರೆ ಹೆಚ್ಚಿದರೂ ಟಾರ್ಟಾರಿಕ್ ಆಮ್ಲ ಗಣನೀಯವಾಗಿ ಕುಗ್ಗುವುದಿಲ್ಲ. ಹುಣಸೆ ಮರಕ್ಕೆ ಮುಪ್ಪು ಬಂದರೂ ಹುಳಿಗೆ ಮುಪ್ಪಿಲ್ಲ ಎಂಬ ಅರ್ಥದ ಗಾದೆ ಮರವನ್ನು ಕುರಿತದ್ದಾದರೂ, ಹಣ್ಣಿನ ವಿಷಯದಲ್ಲಿಯೂ ಅದು ಸಲ್ಲುವ ಮಾತಾಗಿದೆ.

೩. ರಚನಾ ಸಮಾಂಗತೆ ಮತ್ತು ಜ್ಯಾಮಿತೀಯ ಸಮಾಂಗತೆ

ಸಮಾಂಗತೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಯಾವ ಪರಮಾಣು ಯಾವುದಕ್ಕೆ ಅಂಟಿಕೊಂಡಿದೆ ಎಂಬುದೇ ಬೇರೆಯಾದರೆ ಅದು ರಚನಾ ಸಮಾಂಗತೆ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಪರಮಾಣುಗಳನ್ನು ಒಂದು ರೀತಿಯಲ್ಲಿ ಜೋಡಿಸಿದರೆ ಹೆಂಡ, ಸಾರಾಯಿಗಳಲ್ಲಿರುವ ಎಥನಾಲ್ ಆಗುತ್ತದೆ. ಅದು ಕುದಿಯುವುದು ೭೮ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅವೇ ಪರಮಾಣುಗಳಲ್ಲಿ ಆಮ್ಲಜನಕವನ್ನು ಎರಡು ಇಂಗಾಲಗಳ ನಡುವೆ ಇರಿಸಿದರೆ ಡೈಮೀಥೈಲ್ ಈಥರ್ ಆಗುತ್ತದೆ. ಅದು ಸೊನ್ನೆಗಿಂತ ೨೪ ಡಿಗ್ರಿ ಕೆಳಗೇ ಕುದಿದು ಅನಿಲವಾಗುವ ವಸ್ತು. ಇಂಗಾಲದ ಸಂಖ್ಯೆ ಹೆಚ್ಚಿದಂತೆ ಈ ಸಾಧ್ಯತೆಗಳು ವಿಪರೀತವಾಗಿ ಬೆಳೆಯುತ್ತವೆ. ಇಂಗಾಲ ಮತ್ತು ಜಲಜನಕಗಳಷ್ಟೇ ಇರುವ ಆಲ್ಕೇನುಗಳನ್ನು ತೆಗೆದುಕೊಂಡರೆ, ನಾಲ್ಕು ಇಂಗಾಲಗಳಿಗೆ ೨ ರಚನೆಗಳು, ಐದಕ್ಕೆ ೩, ಹತ್ತಕ್ಕೆ ೭೫, ಇಪ್ಪತ್ತಕ್ಕೆ ೩,೬೬,೩೧೯. ನಿಂಬೆಯ ಸಿಟ್ರಿಕ್ ಆಮ್ಲಕ್ಕೂ ಐಸೊಸಿಟ್ರಿಕ್ ಆಮ್ಲ ಎಂಬ ರಚನಾ ಸಮಾಂಗಿಯಿದೆ. ನಮ್ಮ ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಚಕ್ರದಲ್ಲಿ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತಲೇ ಇರುತ್ತದೆ.

ಜೋಡಣೆಯ ಕ್ರಮ ಒಂದೇ ಆಗಿದ್ದು, ಪರಮಾಣುಗಳು ಆಕಾಶದಲ್ಲಿ, ಅಂದರೆ ಮೂರು ಆಯಾಮಗಳಲ್ಲಿ, ನಿಂತಿರುವ ಬಗೆ ಮಾತ್ರ ಬೇರೆಯಾದರೆ ಅದು ತ್ರಿವಿಮ ಸಮಾಂಗತೆ. ಇದರ ಒಂದು ಪ್ರಭೇದ ಜ್ಯಾಮಿತೀಯ ಸಮಾಂಗತೆ. ಎರಡು ಇಂಗಾಲಗಳ ನಡುವೆ ದ್ವಿಬಂಧವಿದ್ದಾಗ ಅಣು ಆ ಜಾಗದಲ್ಲಿ ಸುಲಭವಾಗಿ ತಿರುಗಲಾರದು. ಆಗ ಇಕ್ಕೆಲದ ಗುಂಪುಗಳು ಒಂದೇ ಬದಿಗಿದ್ದರೆ ‘ಸಿಸ್’, ವಿರುದ್ಧ ಬದಿಗಳಲ್ಲಿದ್ದರೆ ‘ಟ್ರಾನ್ಸ್’ ಎನ್ನುತ್ತಾರೆ. ಅಡುಗೆ ಎಣ್ಣೆಗಳಲ್ಲಿರುವ ಓಲಿಕ್ ಆಮ್ಲ ಸಿಸ್ ರೂಪದ್ದು. ಅದರ ಸರಪಳಿ ನಡುವೆ ಬಾಗಿರುವುದರಿಂದ ಅಣುಗಳು ಒತ್ತಾಗಿ ಕೂಡಲಾರವು. ಹೀಗಾಗಿ ಅದು ೧೩ ಡಿಗ್ರಿಯಲ್ಲಿಯೇ ಕರಗಿ ದ್ರವವಾಗುತ್ತದೆ. ಅದರ ಟ್ರಾನ್ಸ್ ಸಮಾಂಗಿಯಾದ ಇಲೈಡಿಕ್ ಆಮ್ಲದ ಸರಪಳಿ ನೇರವಾದುದು. ಅದು ಕರಗಲು ಸುಮಾರು ೪೫ ಡಿಗ್ರಿ ಬೇಕು. ಎಣ್ಣೆಯನ್ನು ಭಾಗಶಃ ಹೈಡ್ರೋಜನೀಕರಿಸಿ ವನಸ್ಪತಿ ತಯಾರಿಸುವಾಗ ಇಂತಹ ಟ್ರಾನ್ಸ್ ಕೊಬ್ಬುಗಳು ಉಂಟಾಗುತ್ತವೆ. ಹೃದಯದ ಆರೋಗ್ಯಕ್ಕೆ ಅವು ಹಾನಿಕರವೆಂದು ದೃಢಪಟ್ಟ ಮೇಲೆ, ಭಾರತದಲ್ಲಿ ೨೦೨೨ರಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅವುಗಳ ಪ್ರಮಾಣವನ್ನು ನೂರಕ್ಕೆ ಎರಡಕ್ಕೆ ಮಿತಿಗೊಳಿಸಲಾಗಿದೆ. ಮಲೆನಾಡಿನಲ್ಲಿ ಮುರುಗಲ ಬೀಜದಿಂದ ತೆಗೆಯುವ ತುಪ್ಪವೂ ಗಟ್ಟಿಯಾದುದೇ. ಆದರೆ ಅದರ ಗಟ್ಟಿತನಕ್ಕೆ ಕಾರಣ ಸ್ಟಿಯರಿಕ್ ಆಮ್ಲದ ಹೆಚ್ಚಳ. ಅದರಲ್ಲಿರುವ ಓಲಿಕ್ ಆಮ್ಲ ಸಿಸ್ ರೂಪದಲ್ಲಿಯೇ ಉಳಿದಿರುತ್ತದೆ. ನೋಟಕ್ಕೆ ಸಮಾನವಾದ ಎರಡು ಗಟ್ಟಿ ಕೊಬ್ಬುಗಳ ಒಳಗಿನ ವ್ಯವಸ್ಥೆ ಹೀಗೆ ಬೇರೆ ಬೇರೆಯಾಗಿದೆ.

೪. ಟಾರ್ಟಾರಿಕ್ ಆಮ್ಲ ಮತ್ತು ದರ್ಪಣಬಿಂಬದ ರಹಸ್ಯ

ತ್ರಿವಿಮ ಸಮಾಂಗತೆಯ ಇನ್ನೊಂದು ಪ್ರಭೇದ ಇನ್ನೂ ಸೂಕ್ಷ್ಮವಾದುದು. ಬಲಗೈ ಮತ್ತು ಎಡಗೈಗಳಲ್ಲಿ ಬೆರಳುಗಳ ಸಂಖ್ಯೆ, ಕ್ರಮ ಎಲ್ಲವೂ ಒಂದೇ. ಆದರೂ ಒಂದನ್ನು ಇನ್ನೊಂದರ ಮೇಲೆ ಹೊಂದಿಸಿ ಇಡಲು ಬರುವುದಿಲ್ಲ; ಒಂದು ಇನ್ನೊಂದರ ಕನ್ನಡಿಯ ಬಿಂಬ. ಕೆಲವು ಅಣುಗಳೂ ಹೀಗೆಯೇ ಎರಡು ರೂಪಗಳಲ್ಲಿರುತ್ತವೆ. ಈ ಗುಣಕ್ಕೆ ಗ್ರೀಕಿನ ‘ಕೈರ್’ (ಕೈ) ಎಂಬ ಪದದಿಂದ ‘ಕೈರಾಲಿಟಿ’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ‘ಕೈತನ’ ಎಂದರೆ ಅರ್ಥಕ್ಕೆ ಕೊರತೆಯಾಗದು.

ಧ್ರುವೀಕೃತ ಬೆಳಕು ಕೆಲವು ಸಸ್ಯಜನ್ಯ ದ್ರವಗಳ ಮೂಲಕ ಹಾದುಹೋಗುವಾಗ ಅದರ ತಲ ತಿರುಗುತ್ತದೆ ಎಂಬುದನ್ನು ಫ್ರಾನ್ಸಿನ ಜೀನ್ ಬಾಪ್ಟಿಸ್ಟ್ ಬಿಯೋ ೧೮೧೫ರಲ್ಲಿ ಕಂಡುಕೊಂಡಿದ್ದನು. ಟಾರ್ಟಾರಿಕ್ ಆಮ್ಲ ಬೆಳಕನ್ನು ಬಲಕ್ಕೆ ತಿರುಗಿಸುತ್ತಿತ್ತು. ರೇಸಿಮಿಕ್ ಆಮ್ಲ ತಿರುಗಿಸುತ್ತಲೇ ಇರಲಿಲ್ಲ. ೧೮೪೮ರಲ್ಲಿ, ಆಗಿನ್ನೂ ಇಪ್ಪತ್ತೈದರ ಹರೆಯದ ಲೂಯಿ ಪಾಶ್ಚರ್ ರೇಸಿಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದ ಸ್ಫಟಿಕಗಳನ್ನು ಸೂಕ್ಷ್ಮವಾಗಿ ನೋಡಿದನು. ಕೆಲವು ಸ್ಫಟಿಕಗಳ ಒಂದು ಸಣ್ಣ ಮುಖ ಬಲಕ್ಕೆ ವಾಲಿದ್ದರೆ, ಮತ್ತೆ ಕೆಲವುಗಳದು ಎಡಕ್ಕೆ ವಾಲಿತ್ತು. ಅವನು ಅವುಗಳನ್ನು ಒಂದೊಂದಾಗಿ ಕೈಯಿಂದಲೇ ಆರಿಸಿ ಎರಡು ರಾಶಿ ಮಾಡಿ, ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿದನು. ಒಂದು ರಾಶಿಯ ದ್ರಾವಣ ಬೆಳಕನ್ನು ಬಲಕ್ಕೂ ಇನ್ನೊಂದರದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೂ ತಿರುಗಿಸಿತು. ರೇಸಿಮಿಕ್ ಆಮ್ಲವೆಂಬುದು ಎರಡು ಕೈಗಳ ಸಮಪಾಲಿನ ಕೂಟ. ಒಂದರ ತಿರುವನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. ವೃದ್ಧನಾಗಿದ್ದ ಬಿಯೋ ತನ್ನ ಕಣ್ಣೆದುರಿನಲ್ಲಿಯೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿ ನೋಡಿದ ಬಳಿಕವೇ ಒಪ್ಪಿದನು. ಈ ಸ್ಫಟಿಕಗಳು ಹೀಗೆ ಬೇರೆ ಬೇರೆಯಾಗಿ ಮೂಡುವುದು ಸುಮಾರು ೨೭ ಡಿಗ್ರಿಗಿಂತ ತಂಪಾದ ಸ್ಥಿತಿಯಲ್ಲಿ ಮಾತ್ರ ಎಂಬುದು ಅನಂತರ ತಿಳಿದುಬಂತು.

ಹತ್ತು ವರ್ಷಗಳೊಳಗೆ ಪಾಶ್ಚರ್ ಇನ್ನೊಂದು ಮಹತ್ವದ ಸಂಗತಿಯನ್ನು ಗುರುತಿಸಿದನು. ರೇಸಿಮಿಕ್ ಲವಣದಲ್ಲಿ ಬೆಳೆದ ಬೂಷ್ಟು ಬಲಕ್ಕೆ ತಿರುಗಿಸುವ ರೂಪವನ್ನು ತಿಂದು, ಎಡಕ್ಕೆ ತಿರುಗಿಸುವ ರೂಪವನ್ನು ಉಳಿಸುತ್ತಿತ್ತು. ತಕ್ಕಡಿಗೆ ಕಾಣದ ಭೇದ ಬೂಷ್ಟಿಗೆ ಕಾಣುತ್ತಿತ್ತು.

ಈ ಭೇದದ ಕಾರಣವನ್ನು ೧೮೭೪ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಸ್ವತಂತ್ರವಾಗಿ ವಿವರಿಸಿದರು. ಇಂಗಾಲದ ನಾಲ್ಕು ಬಂಧಗಳು ಕಾಗದದ ಮೇಲೆ ಬರೆದಂತೆ ಒಂದೇ ತಲದಲ್ಲಿಲ್ಲ. ಅವು ಚತುಷ್ಫಲಕವೊಂದರ ನಾಲ್ಕು ಮೂಲೆಗಳತ್ತ ಚಾಚಿವೆ. ಆ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳಿದ್ದರೆ ಎಡ–ಬಲ ಎಂಬ ಎರಡು ಜೋಡಣೆಗಳು ಸಾಧ್ಯ. ಟಾರ್ಟಾರಿಕ್ ಆಮ್ಲದಲ್ಲಿ ಅಂತಹ ಇಂಗಾಲಗಳು ಎರಡಿವೆ. ಆದ್ದರಿಂದ ಅದಕ್ಕೆ ಬಲಕ್ಕೆ ತಿರುಗಿಸುವ ರೂಪ, ಎಡಕ್ಕೆ ತಿರುಗಿಸುವ ರೂಪ, ಹಾಗೂ ಒಂದೇ ಅಣುವಿನ ಎರಡು ಅರ್ಧಗಳು ಪರಸ್ಪರ ಬಿಂಬಗಳಾಗಿ ಬೆಳಕನ್ನು ತಿರುಗಿಸದ ಮೀಸೊ ರೂಪ, ಹೀಗೆ ಮೂರು ರೂಪಗಳಿವೆ. ಜರ್ಮನಿಯ ಹಿರಿಯ ರಸಾಯನಶಾಸ್ತ್ರಜ್ಞ ಹೆರ್ಮನ್ ಕೋಲ್ಬೆ ೧೮೭೭ರಲ್ಲಿ ವಾಂಟ್ ಹಾಫನ ವಾದವನ್ನು ಕಟುವಾಗಿ ಹೀಗಳೆದನಾದರೂ ಕಾಲ ವಾಂಟ್ ಹಾಫನ ಪರವಾಗಿತ್ತು. ಎರಡು ರೂಪಗಳಲ್ಲಿ ನಿಜವಾಗಿ ಯಾವುದು ಯಾವ ಕೈಯದು ಎಂಬುದು ಮಾತ್ರ ಬಹುಕಾಲ ಊಹೆಯಾಗಿಯೇ ಉಳಿದಿತ್ತು. ೧೯೫೧ರಲ್ಲಿ ಹಾಲೆಂಡಿನ ಬಿಯ್‌ಫೂಟ್ ಮತ್ತು ಸಂಗಡಿಗರು ಕ್ಷಕಿರಣಗಳ ನೆರವಿನಿಂದ ಅದನ್ನು ನಿರ್ಧರಿಸಿದರು. ಅವರು ಆರಿಸಿಕೊಂಡ ವಸ್ತುವೂ ಟಾರ್ಟಾರಿಕ್ ಆಮ್ಲದ ಸೋಡಿಯಂ ರುಬಿಡಿಯಂ ಲವಣವೇ ಆಗಿತ್ತು. ಹೀಗೆ ೧೮೩೦, ೧೮೪೮, ೧೯೫೧ ಈ ಮೂರು ಘಟ್ಟಗಳಲ್ಲಿಯೂ ಹುಣಸೆಯ ಹುಳಿಯೇ ಸಾಕ್ಷಿಯಾಗಿ ನಿಂತಿದೆ.

೫. ಉಪ್ಪಾಗೆ ಮತ್ತು ಪುಂಡಿ: ಒಂದು ಅಣುವಿನ ಎರಡು ರೂಪಗಳು

ಕರ್ನಾಟಕದ ದೃಷ್ಟಿಯಿಂದ ಹೆಚ್ಚು ಬೆಳಕು ಚೆಲ್ಲುವ ನಿದರ್ಶನ ಉಪ್ಪಾಗೆಯದು. ಗಾರ್ಸಿನಿಯ ಕುಲದ ಈ ಹಣ್ಣಿನ ಹುಳಿಯನ್ನು ಹಿಂದಿನ ವಿಶ್ಲೇಷಣೆಗಳಲ್ಲಿ ಸಿಟ್ರಿಕ್ ಮತ್ತು ಟಾರ್ಟಾರಿಕ್ ಆಮ್ಲಗಳೆಂದು ಗುರುತಿಸಲಾಗಿತ್ತು. ಅಂದರೆ ನಿಂಬೆ ಮತ್ತು ಹುಣಸೆಗಳ ಹುಳಿಯನ್ನೇ ಉಪ್ಪಾಗೆಗೂ ಆರೋಪಿಸಲಾಗಿತ್ತು. ೧೯೬೫ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಇದರ ಪ್ರಧಾನ ಆಮ್ಲ ಎಡಕ್ಕೆ ತಿರುಗಿಸುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಸ್ಥಾಪಿಸಿದರು. ಮುರುಗಲಿನಲ್ಲಿಯೂ ಇದೇ ಆಮ್ಲವಿದೆ. ಘಟ್ಟದ ಜನ ತಮ್ಮ ಹುಳಿಯನ್ನು ಹುಣಸೆಯಿಂದಲೂ ನಿಂಬೆಯಿಂದಲೂ ಬೇರೆಯಾಗಿಯೇ ಎಣಿಸಿಕೊಂಡು ಬಂದಿದ್ದರು. ಪ್ರಯೋಗಾಲಯ ಅದೇ ತೀರ್ಮಾನಕ್ಕೆ ಬಂದದ್ದು ತಡವಾಗಿ.

ಹೈಡ್ರಾಕ್ಸಿಸಿಟ್ರಿಕ್ ಆಮ್ಲದಲ್ಲಿ ಕೈತನವುಳ್ಳ ಇಂಗಾಲಗಳು ಎರಡಿವೆ. ಟಾರ್ಟಾರಿಕ್ ಆಮ್ಲದಂತೆ ಇದರ ಎರಡು ಅರ್ಧಗಳು ಸಮಾನವಲ್ಲವಾದ್ದರಿಂದ ಮೀಸೊ ರೂಪ ಸಾಧ್ಯವಿಲ್ಲ. ನಾಲ್ಕು ಸಮಾಂಗಿಗಳು ಸಾಧ್ಯ. ಅವುಗಳಲ್ಲಿ ಒಂದು ಉಪ್ಪಾಗೆ, ಮುರುಗಲುಗಳಲ್ಲಿದೆ. ಇನ್ನೊಂದು, ಪುಂಡಿಯೆಂದು ನಮ್ಮಲ್ಲಿ ಕರೆಯಲಾಗುವ ಗಿಡಗಳಲ್ಲೊಂದಾದ ಹೈಬಿಸ್ಕಸ್ ಸಬ್ದರಿಫದ ಕೆಂಪು ಪುಷ್ಪಪಾತ್ರೆಯಲ್ಲಿ ದೊರೆಯುತ್ತದೆ. ಆರು ಇಂಗಾಲ, ಎಂಟು ಜಲಜನಕ, ಎಂಟು ಆಮ್ಲಜನಕ ಪರಮಾಣುಗಳು ಎರಡರಲ್ಲಿಯೂ ಒಂದೇ ಕ್ರಮದಲ್ಲಿ ಕೂಡಿಕೊಂಡಿವೆ. ಅವು ನಿಂತ ನಿಲುವು ಮಾತ್ರ ಬೇರೆ. ಜೀವಕೋಶದಲ್ಲಿ ಸಿಟ್ರೇಟಿನಿಂದ ಕೊಬ್ಬು ತಯಾರಾಗುವ ದಾರಿಯಲ್ಲಿರುವ ಒಂದು ಕಿಣ್ವವನ್ನು ಗಾರ್ಸಿನಿಯದ ಸಮಾಂಗಿ ಪ್ರಬಲವಾಗಿ ತಡೆಯುತ್ತದೆ ಎಂದು ೧೯೬೯ರಲ್ಲಿ ತಿಳಿದುಬಂತು. ಉಳಿದ ಸಮಾಂಗಿಗಳಿಗೆ ಆ ಸಾಮರ್ಥ್ಯ ಅಷ್ಟಾಗಿಲ್ಲ.

ಈ ಅರಿವಿನ ಪರಿಣಾಮ ಪ್ರಯೋಗಾಲಯದಲ್ಲಿಯೇ ಉಳಿಯಲಿಲ್ಲ. ತೂಕ ಇಳಿಸುವ ಔಷಧಿಯೆಂದು ಉಪ್ಪಾಗೆಯ ಸಾರ ೧೯೯೦ರ ದಶಕದಲ್ಲಿ ವಿದೇಶಿ ಮಾರುಕಟ್ಟೆಯಲ್ಲಿ ಪ್ರಚಾರ ಪಡೆಯಿತು. ಉತ್ತರ ಕನ್ನಡದ ಕಾಡುಗಳಲ್ಲಿ ಸಂಗ್ರಹದ ಒತ್ತಡ ಹೆಚ್ಚಿತು. ಮಳೆಗಾಲದಲ್ಲಿ ಹಣ್ಣಾಗುವ ಈ ಫಲದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾದುದರಿಂದ ಸೌದೆಗಾಗಿಯೂ ಕಾಡಿನ ಮೇಲೆ ಹೊರೆ ಬಿತ್ತು. ಆದರೆ ೧೯೯೮ರಲ್ಲಿ ಅಮೆರಿಕದಲ್ಲಿ ೧೩೫ ಮಂದಿಯ ಮೇಲೆ ಹನ್ನೆರಡು ವಾರ ನಡೆದ ನಿಯಂತ್ರಿತ ಪರೀಕ್ಷೆಯಲ್ಲಿ, ಈ ಸಾರವನ್ನು ಸೇವಿಸಿದವರಿಗೂ ಔಷಧವಿಲ್ಲದ ತೋರಿಕೆಯ ಗುಳಿಗೆ ಸೇವಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಲೆನಾಡಿನ ಜನ ಉಪ್ಪಾಗೆಯನ್ನು ಹುಳಿಗಾಗಿ, ಬೀಜವನ್ನು ತುಪ್ಪಕ್ಕಾಗಿ ಬಳಸುತ್ತಿದ್ದರು. ಮೈ ಇಳಿಸುವ ಗುಣವನ್ನು ಅದಕ್ಕೆ ಕಟ್ಟಿದ್ದು ಮಾರುಕಟ್ಟೆ. ‘ಪಾರಂಪರಿಕ ಜ್ಞಾನ’ದ ಹೆಸರಿನಲ್ಲಿ ಬರುವ ಪ್ರತಿಪಾದನೆಗಳನ್ನು ನಿಜವಾದ ಬಳಕೆಯ ದಾಖಲೆಯೊಡನೆ ಹೋಲಿಸಿ ನೋಡಬೇಕಾದ ಅಗತ್ಯವನ್ನು ಈ ನಿದರ್ಶನ ಎತ್ತಿ ತೋರಿಸುತ್ತದೆ.

೬. ಜೀವದೇಹದ ಆಯ್ಕೆ

ಬಲಗೈಯ ಕವಚ ಎಡಗೈಗೆ ಹೊಂದದು. ನಮ್ಮ ದೇಹದ ಕಿಣ್ವಗಳೂ ಗ್ರಾಹಕಗಳೂ ಕೈತನವುಳ್ಳ ಅಣುಗಳಿಂದಲೇ ಆದವು. ಆದುದರಿಂದ ಎರಡು ಸಮಾಂಗಿಗಳನ್ನು ಅವು ಬೇರೆ ಬೇರೆಯಾಗಿ ಬರಮಾಡಿಕೊಳ್ಳುತ್ತವೆ. ಪುದೀನ ಮತ್ತು ಸಬ್ಬಸಿಗೆ ಬೀಜಗಳ ವಾಸನೆ ಇದಕ್ಕೆ ನಿತ್ಯದ ಉದಾಹರಣೆ. ಎರಡರಲ್ಲಿಯೂ ಕಾರ್ವೋನ್ ಎಂಬ ವಸ್ತುವಿದೆ. ಪುದೀನದ್ದು ಬೆಳಕನ್ನು ಎಡಕ್ಕೆ ತಿರುಗಿಸುವ ರೂಪ, ಸಬ್ಬಸಿಗೆ ಬೀಜದ್ದು ಬಲಕ್ಕೆ ತಿರುಗಿಸುವ ರೂಪ. ಕುದಿಯುವ ಬಿಂದು, ಸಾಂದ್ರತೆಗಳಲ್ಲಿ ಇವೆರಡಕ್ಕೂ ಭೇದವಿಲ್ಲ. ಮೂಗಿಗೆ ಮಾತ್ರ ಭೇದವಿದೆ. ೧೯೭೧ರಲ್ಲಿ ಶುದ್ಧೀಕರಿಸಿದ ಎರಡೂ ರೂಪಗಳ ಮೇಲೆ ನಡೆದ ಪರೀಕ್ಷೆಗಳು, ವಾಸನೆಯ ವ್ಯತ್ಯಾಸಕ್ಕೆ ಕಲಬೆರಕೆ ಕಾರಣವಲ್ಲ, ಕೈತನವೇ ಕಾರಣ ಎಂಬುದನ್ನು ಖಚಿತಪಡಿಸಿದವು.

ಜನಪದ ವೈದ್ಯದಲ್ಲಿ ಪರಿಚಿತವಾದ ನಸುಗುನ್ನಿಯ ಬೀಜದಲ್ಲಿ ಎಲ್–ಡೋಪಾ ಎಂಬ ವಸ್ತುವಿರುವುದನ್ನು ೧೯೩೭ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅವರು ಪ್ರಕಟಿಸಿದರು. ೧೯೬೦ರ ದಶಕದ ಕೊನೆಯಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಗೆ ಪ್ರಮುಖ ಔಷಧವಾಯಿತು. ಪರಿಣಾಮಕಾರಿಯಾದುದು ಎಲ್ ರೂಪ ಮಾತ್ರ. ಗಿಡ ಅದೊಂದನ್ನೇ ತಯಾರಿಸುತ್ತದೆ. ಸಾಮಾನ್ಯ ಸಂಶ್ಲೇಷಣೆಯಲ್ಲಿ ಎರಡೂ ರೂಪಗಳು ಸಮನಾಗಿ ಹುಟ್ಟುವುದರಿಂದ, ಒಂದೇ ರೂಪವನ್ನು ಕಾರ್ಖಾನೆಯಲ್ಲಿ ತಯಾರಿಸುವ ವಿಧಾನ ಅಗತ್ಯವಾಯಿತು. ಅದನ್ನು ಸಾಧಿಸಿದ ವಿಲಿಯಂ ನೋಲ್ಸ್ ೨೦೦೧ರಲ್ಲಿ ನೊಯೊರಿ ಮತ್ತು ಶಾರ್ಪ್‌ಲೆಸ್ ಅವರೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಈ ವಿಷಯದ ದಾರುಣ ಪಾಠ ಥಾಲಿಡೊಮೈಡ್. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಔಷಧವಾಗಿ ಬಂದ ಇದನ್ನು ಗರ್ಭಿಣಿಯರೂ ಬೆಳಗಿನ ವಾಕರಿಕೆಗಾಗಿ ಸೇವಿಸಿದರು. ೧೯೬೧ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ವೇಳೆಗೆ ಅನಾಹುತ ನಡೆದುಹೋಗಿತ್ತು. ಹಲವು ದೇಶಗಳಲ್ಲಿ ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಡನೆ ಹುಟ್ಟಿದರು. ಅದು ಎರಡು ದರ್ಪಣರೂಪಗಳ ಸಮಪಾಲಿನ ಮಿಶ್ರಣವಾಗಿತ್ತು. ಭ್ರೂಣಕ್ಕೆ ಹಾನಿ ಮಾಡುವುದು ಎಸ್ ರೂಪವೆಂದು ೧೯೭೯ರಲ್ಲಿ ವರದಿಯಾಯಿತು. ಹಾಗಿದ್ದರೆ ಆರ್ ರೂಪವನ್ನಷ್ಟೇ ಕೊಟ್ಟಿದ್ದರೆ ಅನಾಹುತ ತಪ್ಪುತ್ತಿತ್ತೆಂಬ ಮಾತು ಜನಪ್ರಿಯ ಬರಹಗಳಲ್ಲಿ ಕಾಣಸಿಗುತ್ತದೆ. ಅದು ಸರಿಯಲ್ಲ. ದೇಹದೊಳಗೆ ಈ ಎರಡು ರೂಪಗಳು ಒಂದರಿಂದೊಂದಕ್ಕೆ ಬದಲಾಗುತ್ತವೆ. ಒಂದನ್ನೇ ಕೊಟ್ಟರೂ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಸಮಾಂಗಿಗಳನ್ನು ಬೇರ್ಪಡಿಸಿದರೆ ಸಾಲದು, ಅವು ಬೇರೆಯಾಗಿಯೇ ಉಳಿಯುತ್ತವೆಯೇ ಎಂಬುದನ್ನೂ ತಿಳಿಯಬೇಕೆಂಬುದು ಇಲ್ಲಿಯ ಪಾಠ.

೭. ಪರಿಭಾಷೆಯ ಪ್ರಶ್ನೆ

ಈ ಶಾಸ್ತ್ರಕ್ಕೆ ಬೇಕಾದ ಕೆಲವು ಶಬ್ದಗಳು ಜನರ ನಾಲಿಗೆಯ ಮೇಲೆಯೇ ಇವೆ. ಶಂಖದ ಸುರುಳಿ ತಿರುಗಿರುವ ದಿಕ್ಕನ್ನು ನೋಡಿ ‘ಬಲಮುರಿ’ ಎಂದು ಗುರುತಿಸುವ ವಾಡಿಕೆಯಿದೆ. ಹಗ್ಗದಂತೆ ಹೊಸೆದ ಕಾಯಿಯುಳ್ಳ ಕಾಡುಗಿಡವೊಂದಕ್ಕೆ ‘ಎಡಮುರಿ’ ಎಂಬ ಹೆಸರಿದೆ. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ತೀರದಲ್ಲಿ ಬಲಮುರಿ, ಎಡಮುರಿ ಎಂಬ ಜೋಡಿ ಸ್ಥಳನಾಮಗಳೇ ಇವೆ. ‘ಮುರಿ’ ಎಂಬುದಕ್ಕೆ ಇಲ್ಲಿ ತಿರುಗು, ತಿರುಚು ಎಂಬ ಹಳೆಯ ಅರ್ಥ. ಬೆಳಕಿನ ತಲವನ್ನು ಬಲಕ್ಕೆ ಮತ್ತು ಎಡಕ್ಕೆ ತಿರುಗಿಸುವ ವಸ್ತುಗಳಿಗೆ ‘ಬಲಮುರಿ’, ‘ಎಡಮುರಿ’ ಎಂಬ ಶಬ್ದಗಳನ್ನು ಬಳಸಿದರೆ ವಿದ್ಯಾರ್ಥಿಗೆ ಅರ್ಥ ತಾನಾಗಿ ಹೊಳೆಯುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ಬೆಳಕನ್ನು ತಿರುಗಿಸುವ ದಿಕ್ಕು ಉಪಕರಣದಿಂದ ಅಳೆದು ತಿಳಿಯುವಂಥದ್ದು. ಪರಮಾಣುಗಳ ಎಡ–ಬಲ ವಿನ್ಯಾಸ ಅಣುವಿನ ಒಳಗಿನದು. ಇವೆರಡೂ ಸದಾ ಒಂದೇ ದಿಕ್ಕಿನಲ್ಲಿರಬೇಕೆಂಬ ನಿಯಮವಿಲ್ಲ. ಹುಣಸೆಯ ಟಾರ್ಟ��ರಿಕ್ ಆಮ್ಲ ವಿನ್ಯಾಸದಲ್ಲಿ ಎಲ್ ವರ್ಗದ್ದಾದರೂ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಜೇನಿನಲ್ಲಿರುವ ಫ್ರಕ್ಟೋಸ್ ಡಿ ವರ್ಗದ್ದಾದರೂ ಎಡಕ್ಕೆ ತಿರುಗಿಸುತ್ತದೆ. ಆದ್ದರಿಂದ ‘ಎಡಮುರಿ–ಬಲಮುರಿ’ ಎಂಬ ಜೋಡಿಯನ್ನು ಬೆಳಕಿನ ತಿರುವಿಗೆ ಮಾತ್ರ ಮೀಸಲಿಟ್ಟು, ವಿನ್ಯಾಸಕ್ಕೆ ‘ಎಡಗೈ ರೂಪ–ಬಲಗೈ ರೂಪ’ ಎಂಬಂತಹ ಬೇರೆ ಜೋಡಿಯನ್ನು ಬಳಸುವುದು ಯುಕ್ತ. ಜನಪದ ಶಬ್ದವೊಂದು ಶಾಸ್ತ್ರಕ್ಕೆ ಬರುವಾಗ ಅದರ ಮೇರೆಯನ್ನು ಹೀಗೆ ಗೊತ್ತುಪಡಿಸಬೇಕಾಗುತ್ತದೆ.

೮. ದಾಖಲಾತಿಗೆ ದೊರೆಯುವ ಎಚ್ಚರಗಳು

ಭಾಗಗಳ ಪಟ್ಟಿಯಿಂದ ಸಮಗ್ರವನ್ನು ತಿಳಿಯಲಾಗದು ಎಂಬ ಮಾತು ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಸ್ಟಿತ್ ಥಾಮ್ಸನ್ ಕಥೆಗಳ ಆಶಯಗಳನ್ನು ಸೂಚಿಯಾಗಿ ಜೋಡಿಸಿದನು. ಅದಕ್ಕೂ ಮೊದಲೇ, ೧೯೨೮ರಲ್ಲಿ, ವ್ಲದಿಮಿರ್ ಪ್ರಾಪ್ ಕಥೆಯ ಘಟಕಗಳ ನಡುವಿನ ಸಂಬಂಧ ಮತ್ತು ಅನುಕ್ರಮವೇ ಮುಖ್ಯವೆಂದು ವಾದಿಸಿದ್ದನು. ಈ ಹೋಲಿಕೆಯನ್ನು ಹೆಚ್ಚು ಎಳೆಯುವುದು ತರವಲ್ಲ. ಸಮಾಂಗಿಗಳಲ್ಲಿ ಭಾಗಗಳು ಒಂದಿನಿತೂ ಹೆಚ್ಚುಕಡಿಮೆಯಿಲ್ಲದೆ ಸಮಾನ. ಕಥೆಯ ಪಾಠಾಂತರಗಳಲ್ಲಿ ಹಾಗಿರುವುದಿಲ್ಲ. ಆದರೂ ಸಸ್ಯಜ್ಞಾನವನ್ನು ದಾಖಲಿಸುವ ನಮ್ಮ ಕ್ರಮ ಇಂದಿಗೂ ಬಹುಮಟ್ಟಿಗೆ ಪಟ್ಟಿಯ ಕ್ರಮವಾಗಿಯೇ ಉಳಿದಿದೆ. ಗಿಡದ ಹೆಸರು, ಬಳಸುವ ಭಾಗ, ಉಪಯೋಗ ಎಂಬ ಮೂರು ಕಂಬಸಾಲುಗಳಲ್ಲಿ ಮಾಹಿತಿ ಮುಗಿದುಹೋಗುತ್ತದೆ.

೨೦೦೨ರ ಜೀವವೈವಿಧ್ಯ ಅಧಿನಿಯಮದ ಬಳಿಕ ಸ್ಥಳೀಯ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಗಳು ಸಿದ್ಧವಾಗುತ್ತಿರುವ ಸಂದರ್ಭದಲ್ಲಿ ಮೂರು ಸಂಗತಿಗಳಿಗೆ ಗಮನ ಕೊಡಬೇಕಾಗಿದೆ. ಮೊದಲನೆಯದು, ಯಾವುದರ ಬದಲಿಗೆ ಯಾವುದನ್ನು ಬಳಸಬಹುದು, ಯಾವುದನ್ನು ಬಳಸಕೂಡದು ಎಂಬ ಜನರ ಮಾತನ್ನು ಅವರ ಶಬ್ದಗಳಲ್ಲಿಯೇ ದಾಖಲಿಸುವುದು. ಒಲ್ಲೆನೆಂಬ ಮಾತಿನಲ್ಲಿ ವಸ್ತುಭೇದದ ಸುಳಿವು ಅಡಗಿರಬಹುದು. ಎರಡನೆಯದು, ಕಾಲ ಮತ್ತು ಸಂಸ್ಕರಣೆಯ ವಿವರ: ಬಿಸಿಲಿನಲ್ಲಿ ಒಣಗಿಸಿದ್ದೋ ಹೊಗೆಯಲ್ಲೋ, ಕುದಿಸಿದ್ದೋ ನೆನೆಸಿದ್ದೋ ಎಂಬುದು. ಕಾವಿನಿಂದ ಅಣುವಿನ ಜೋಡಣೆಯೇ ಬದಲಾಗಬಲ್ಲುದೆಂಬುದಕ್ಕೆ ವೊಹ್ಲರನ ಪ್ರಯೋಗ ನಿದರ್ಶನ. ಮೂರನೆಯದು, ಪರೀಕ್ಷೆಯಿಲ್ಲದೆ ರಾಸಾಯನಿಕ ಹೆಸರನ್ನು ಆವರಣದಲ್ಲಿ ಸೇರಿಸದಿರುವುದು. ‘ಹುಳಿ’ ಎಂದೊಡನೆ ‘ಸಿಟ್ರಿಕ್ ಆಮ್ಲ’ ಎಂದು ಬರೆದುಬಿಟ್ಟರೆ, ೧೯೬೫ಕ್ಕೆ ಮುಂಚಿನ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ಜನರು ಮಾಡುವ ಎಲ್ಲ ಭೇದಗಳಿಗೂ ರಾಸಾಯನಿಕ ಆಧಾರವಿದ್ದೇ ತೀರಬೇಕೆಂದಿಲ್ಲ. ಬಲಮುರಿ ಶಂಖದ ಹಿರಿಮೆ ಆಚರಣೆಗೆ ಸಂಬಂಧಿಸಿದ್ದು; ಅದನ್ನು ಅಣುವಿನ ಕೈತನಕ್ಕೆ ಪುರಾವೆಯೆಂದು ಹೇಳುವುದು ಶಾಸ್ತ್ರಕ್ಕೂ ಜಾನಪದಕ್ಕೂ ಸಲ್ಲದ ಮಾತು. ಜನರ ಭೇದವನ್ನು ಪ್ರಶ್ನೆಯಾಗಿ ಸ್ವೀಕರಿಸಬೇಕು. ಉತ್ತರವನ್ನು ಪರೀಕ್ಷೆಯಿಂದ ಪಡೆಯಬೇಕು.

೯. ಉಪಸಂಹಾರ

ಒಟ್ಟಿನಲ್ಲಿ, ಸಮಾಂಗತೆಯ ತತ್ತ್ವ ‘ಏನೇನಿದೆ’ ಎಂಬ ಪ್ರಶ್ನೆಯ ಜೊತೆಗೆ ‘ಹೇಗೆ ಕೂಡಿದೆ’ ಎಂಬ ಪ್ರಶ್ನೆಯನ್ನು ಅನಿವಾರ್ಯಗೊಳಿಸಿತು. ಹುಣಸೆ, ಉಪ್ಪಾಗೆ, ಪುಂಡಿ, ಪುದೀನ, ನಸುಗುನ್ನಿಗಳು ನಮ್ಮ ಹಿತ್ತಲು ಮತ್ತು ಕಾಡುಗಳಲ್ಲಿಯೇ ಇರುವ ಅದರ ಉದಾಹರಣೆಗಳು. ಈ ಸಸ್ಯಗಳನ್ನು ಬಲ್ಲ ಹಿರಿಯರ ತಲೆಮಾರು ಕಣ್ಮರೆಯಾಗುತ್ತಿದೆ. ಅವರು ಮಾಡುತ್ತಿದ್ದ ಸೂಕ್ಷ್ಮ ಭೇದಗಳನ್ನು ದಾಖಲಿಸದೆ ಹೋದರೆ, ಮುಂದಿನ ರಸಾಯನಶಾಸ್ತ್ರಜ್ಞನಿಗೆ ಯಾವ ಎರಡು ವಸ್ತುಗಳನ್ನು ಹೋಲಿಸಿ ನೋಡಬೇಕೆಂಬ ಸುಳಿವೇ ಸಿಗುವುದಿಲ್ಲ. ಹುಳಿಗಳನ್ನು ಹುಳಿಯೆಂಬ ಒಂದೇ ಹೆಸರಿನಡಿ ಸೇರಿಸದೆ, ಒಂದೊಂದನ್ನೂ ಅದರದರ ಹೆಸರಿನಲ್ಲಿ, ಅದರದರ ಬಳಕೆಯೊಡನೆ ಬರೆದಿಡುವ ಕೆಲಸ ಜಾನಪದ ಸಂಶೋಧಕರಿಂದ ಆಗಬೇಕಾಗಿದೆ.